ಪೆಟ್ಟಿಗೆ ಬಿಚ್ಚಿದ ಪಿನ್‌ಬಾಲ್‌ಗೆ ಎಷ್ಟು ಕೇಳಬೇಕು?

ಆಟದ ಯಂತ್ರಗಳ ಖರೀದಿ, ಮಾರಾಟ, ರಿಪೇರಿ ಕುರಿತ ಓದುಗರ ಪ್ರಶ್ನೆಗಳಿಗೆ ನಮ್ಮ ಅಂಕಣಕಾರರ ಉತ್ತರ. ಎಂದಿನಂತೆ ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ. ಈ ಸಲದ ಪತ್ರಗಳೆಲ್ಲ ಪಿನ್‌ಬಾಲ್ ಬಗ್ಗೆ: ಗಾಜಿನಡಿಯ ಓರೆ ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಗುಂಡಿ ಒತ್ತಿ ಹೊಡೆಯುತ್ತ ಅಂಕ ಗಳಿಸುವ ಯಂತ್ರ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಸ್ಟರ್ನ್ ಕಂಪನಿಯ ಪ್ರೀಮಿಯಂ ದರ್ಜೆಯ ಪಿನ್‌ಬಾಲ್ ಯಂತ್ರವನ್ನು ಹೊಚ್ಚ ಹೊಸದಾಗಿ ಕೊಂಡೆ. ಮನೆಯಲ್ಲಿ ನಾನು ಮತ್ತು ಮಗಳು ಮಾತ್ರ ಆಡಿದ್ದೇವೆ. ಯಂತ್ರದ ಲೆಕ್ಕದಲ್ಲಿ ಮುನ್ನೂರು ಚಿಲ್ಲರೆ ಆಟಗಳಿವೆ. ನೆತ್ತಿಯ ಮೇಲೆ ಕೂರುವ ಟಾಪರ್, ಕ್ಯಾಬಿನೆಟ್ಟನ್ನು ನಡುಗಿಸುವ ಮೋಟರ್, ಒಳಗೋಡೆಗೆ ಚಿತ್ರದ ಹಾಳೆ, ಪ್ರತಿಬಿಂಬ ಬೀಳದ ಗಾಜು ಎಲ್ಲವನ್ನೂ ಬೇರೆಯಾಗಿ ಕೊಂಡು ಹಾಕಿಸಿದ್ದೇನೆ. ಈಗ ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆಗೆ ಹೋಗಬೇಕಾಗಿದೆ, ಆದ್ದರಿಂದ ಮಾರುತ್ತಿದ್ದೇನೆ. ‘ಆ ಮಾದರಿ ಅಂಗಡಿಗಳಲ್ಲಿ ಮುಗಿದಿದೆ, ಕೊಂಡದ್ದಕ್ಕಿಂತ ಹೆಚ್ಚಿಗೇ ಕೇಳು’ ಎನ್ನುತ್ತಾನೆ ಒಬ್ಬ ಗೆಳೆಯ. ‘ಬಳಸಿದ ಸಾಮಾನಿಗೆ ಅರ್ಧ ಬೆಲೆ ಬಂದರೆ ಪುಣ್ಯ’ ಎನ್ನುತ್ತಾನೆ ಇನ್ನೊಬ್ಬ. ಖರ್ಚಿನ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ನನಗೂ ಮೋಸವಾಗಬಾರದು, ಕೊಳ್ಳುವವರಿಗೂ ಆಗಬಾರದು. ಎಷ್ಟು ಹೇಳಲಿ?

ಉತ್ತರ: ನಿಮ್ಮ ಖರ್ಚಿನ ಪಟ್ಟಿಯನ್ನು ಪೂರ್ತಿ ಓದಿದೆ. ಬಹಳ ಅಚ್ಚುಕಟ್ಟಾಗಿದೆ. ಯಂತ್ರದ ಬೆಲೆ, ತೆರಿಗೆ, ಸಾಗಣೆ, ಬಿಡಿಭಾಗಗಳು, ಜೋಡಿಸಿದವನ ಕೂಲಿ, ಕೊನೆಗೆ ಕಾಲಡಿ ಹಾಸಿದ ರಬ್ಬರ್ ಚಾಪೆಯ ದುಡ್ಡೂ ಅದರಲ್ಲಿದೆ. ಈಗ ಅದನ್ನು ಮಡಚಿ ಒಳಗಿಡಿ. ಕೊಳ್ಳಲು ಬರುವವರಿಗೂ ಆ ಪಟ್ಟಿಗೂ ಯಾವ ಸಂಬಂಧವೂ ಇಲ್ಲ. ನೀವು ಖರ್ಚು ಮಾಡಿದ್ದು ನಿಮ್ಮ ಸಂತೋಷಕ್ಕೆ. ಆ ಸಂತೋಷದ ಒಂದು ಪಾಲನ್ನು ಎಂಟು ತಿಂಗಳು ಅನುಭವಿಸಿಯೂ ಆಗಿದೆ.

ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ. ನಿಮ್ಮ ಮನೆಗೆ ಬರುವ ಗಿರಾಕಿ ಇದೇ ಯಂತ್ರವನ್ನು ಇಂದು ಹೊಸದಾಗಿ ತರಿಸಿದರೆ, ಅದು ಅವರ ಕೋಣೆಯಲ್ಲಿ ನಿಲ್ಲುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ? ಅದು ನಿಮ್ಮ ಬೆಲೆಯ ಛಾವಣಿ. ನೀವು ಕೊಂಡ ದಿನದ ಬೆಲೆಯನ್ನು ಇಲ್ಲಿ ತರಬೇಡಿ, ಇಂದಿನದನ್ನು ವಿಚಾರಿಸಿ. ಕಂಪನಿಯ ಪಟ್ಟಿ ಬೆಲೆಯನ್ನೇ ನಂಬಿ ಕೂರುವುದೂ ಬೇಡ. ವ್ಯಾಪಾರಿಗಳು ಅದಕ್ಕಿಂತ ಇಳಿಸಿ ಮಾರುತ್ತಿದ್ದರೆ ಹೊಸ ಯಂತ್ರದ ನಿಜವಾದ ಬೆಲೆ ಆ ಇಳಿದ ಬೆಲೆಯೇ.

ಪಟ್ಟಿ ಬೆಲೆಯಿಂದ ಇನ್ನೊಂದು ಉಪಯೋಗ ಮಾತ್ರ ಇದೆ. 2024ರ ಆರಂಭದಲ್ಲಿ ಅಮೆರಿಕದಲ್ಲಿ ಸ್ಟರ್ನ್ ಇಟ್ಟಿದ್ದ ಬೆಲೆಗಳನ್ನು ನೋಡಿ: ಪ್ರೊ 6,999 ಡಾಲರ್, ಪ್ರೀಮಿಯಂ 9,699, ಸೀಮಿತ ಸಂಖ್ಯೆಯಲ್ಲಿ ತಯಾರಾಗುವ ಲಿಮಿಟೆಡ್ ಎಡಿಷನ್ 12,999. ನಿಮ್ಮದು ನಡುವಿನದು. ಪ್ರೀಮಿಯಂ ಯಂತ್ರಕ್ಕೆ ಎಷ್ಟೇ ಒಡವೆ ಹಾಕಿದರೂ ಅದು ಲಿಮಿಟೆಡ್ ಆಗುವುದಿಲ್ಲ. ಅಷ್ಟು ದುಡ್ಡು ಕೊಡಲು ಸಿದ್ಧರಿರುವವರು ಲಿಮಿಟೆಡ್ಡನ್ನೇ ಹುಡುಕುತ್ತಾರೆ. ಕೆಳಗಿನಿಂದ ಪ್ರೊ ಕೂಡ ನಿಮ್ಮನ್ನು ಎಳೆಯುತ್ತದೆ. ನಿಮ್ಮ ಪ್ರೀಮಿಯಂ ಬೆಲೆ ತೀರ ಇಳಿದು ಹೊಸ ಪ್ರೊ ಬೆಲೆಯನ್ನು ತಾಕಿದರೂ ಅದು ನಿಮ್ಮ ಎರಡನೇ ಗೆಳೆಯ ಹೇಳಿದ ಅರ್ಧಕ್ಕಿಂತ ಮೇಲೇ ಇರುತ್ತದೆ. ಅರ್ಧಕ್ಕೆ ಮಾರುವ ಗತಿ ಮನೆಯಲ್ಲೇ ಆಡಿದ, ಎಂಟು ತಿಂಗಳ ಯಂತ್ರಕ್ಕೆ ಬಂದಿಲ್ಲ. ಆ ಗೆಳೆಯ ಸೋಫಾದ ಲೆಕ್ಕವನ್ನು ಪಿನ್‌ಬಾಲ್‌ಗೆ ಹಾಕಿದ್ದಾನೆ.

ಈಗ ಕಳೆಯುವ ಲೆಕ್ಕ. ಹೊಸದು ಗಿರಾಕಿಯ ಕೋಣೆಗೆ ಬರುವ ಖರ್ಚು ನೂರು ಎಂದಿಟ್ಟುಕೊಳ್ಳಿ. ಕಾಲು ಜೋಡಿಸಿ, ಚೆಂಡು ಬಿಟ್ಟು, ಸ್ಟಾರ್ಟ್ ಗುಂಡಿ ಒತ್ತಿದ ಕ್ಷಣಕ್ಕೆ ಎಂಟನ್ನು ಕಳೆಯುತ್ತೇನೆ. ಆಡಿದ್ದು ಹತ್ತು ಆಟವೋ ಮುನ್ನೂರೋ, ಈ ಎಂಟು ಹೋದದ್ದೇ. ಮುನ್ನೂರು ಆಟ ಎನ್ನುವುದು ಪಿನ್‌ಬಾಲ್‌ಗೆ ಏನೂ ಅಲ್ಲ, ಅದಕ್ಕಾಗಿ ಮತ್ತೆ ಕಳೆಯಬೇಕಾಗಿಲ್ಲ. ವಾರಂಟಿ ನಿಮ್ಮ ಹೆಸರಿನಲ್ಲಿದೆ. ಅದು ಮುಂದಿನವರಿಗೆ ಸಲ್ಲುತ್ತದೆಯೇ ಎಂದು ನಿಮಗೆ ಮಾರಿದ ವ್ಯಾಪಾರಿಯನ್ನು ಬರಹದಲ್ಲೇ ಕೇಳಿ. ಸಲ್ಲುವುದಿಲ್ಲ ಎಂದರೆ ಮೂರು ಕಳೆಯಿರಿ. ಯಂತ್ರವನ್ನು ನಿಮ್ಮ ಮನೆಯಿಂದ ಹೊತ್ತೊಯ್ಯುವ ಕಷ್ಟ, ದಾರಿಯಲ್ಲಿ ಏನಾದರೂ ಆದರೆ ಹೊಣೆ ಯಾರದೂ ಅಲ್ಲ ಎಂಬ ಭಯ, ಇದಕ್ಕೆ ಇನ್ನೊಂದು ಮೂರು. ಎಂಬತ್ತಾರಕ್ಕೆ ಬಂದೆವು. ಇವೆಲ್ಲ ನನ್ನ ಅಂದಾಜುಗಳು, ಶಾಸನವೇನಲ್ಲ. ಆದರೆ ಪ್ರತಿ ಕಡಿತಕ್ಕೂ ಒಂದು ಕಾರಣವಿದೆ, ಮತ್ತು ಗಿರಾಕಿ ಎದುರಿಗೆ ಕುಳಿತಾಗ ಆ ಕಾರಣವನ್ನು ನೀವೇ ಬಾಯಿಬಿಟ್ಟು ಹೇಳಬಹುದು. ಚೌಕಾಸಿಯ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಮೇಲಿಂದ ಹಾಕಿಸಿದವುಗಳ ಬಗ್ಗೆ ನೀವು ಬೇಸರ ಮಾಡಿಕೊಳ್ಳಬಾರದು. ಒಳಗೋಡೆಯ ಚಿತ್ರದ ಹಾಳೆಗೆ ಸೊನ್ನೆ. ಅದು ನಿಮ್ಮ ಅಭಿರುಚಿ. ಗಿರಾಕಿಗೆ ಹಿಡಿಸದಿದ್ದರೆ ಕೀಳುವ ಕೆಲಸ ಬೇರೆ. ನಡುಗುವ ಮೋಟರಿಗೆ ಒಂದಂಕ, ಗಾಜಿಗೆ ಒಂದಂಕ ಸೇರಿಸಬಹುದು, ಏಕೆಂದರೆ ಇವೆರಡನ್ನೂ ಬಹಳ ಮಂದಿ ಹೇಗಿದ್ದರೂ ಹಾಕಿಸುತ್ತಾರೆ. ಟಾಪರನ್ನು ಮಾತ್ರ ಬಿಚ್ಚಿ ಬೇರೆಯಾಗಿ ಮಾರಿ. ಯಂತ್ರದ ಜೊತೆ ಕೊಟ್ಟರೆ ಅದರ ಬೆಲೆ ಚೌಕಾಸಿಯಲ್ಲಿ ಕರಗಿಹೋಗುತ್ತದೆ, ಬೇರೆಯಾಗಿ ಕೇಳಿದರೆ ಅದನ್ನೇ ಹುಡುಕುತ್ತಿರುವವರು ಯಾರಾದರೂ ಸಿಗುತ್ತಾರೆ. ಯಂತ್ರದ ಜೊತೆ ಬಂದ ಮೂಲ ಗಾಜನ್ನು ಎತ್ತಿಟ್ಟಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಇದ್ದರೆ ಅದನ್ನು ಮತ್ತೆ ಹಾಕಿ, ವಿಶೇಷ ಗಾಜನ್ನೂ ಬೇರೆಯಾಗಿ ಮಾರಬಹುದು; ಆಗ ಅದರ ಒಂದಂಕವನ್ನು ಯಂತ್ರಕ್ಕೆ ಸೇರಿಸಬೇಡಿ.

ಹಾಗಾದರೆ ಎಂಬತ್ತೆಂಟರ ಆಸುಪಾಸು ನ್ಯಾಯದ ಬೆಲೆ. ತೊಂಬತ್ತು ಎಂದು ಹೇಳಿ. ತೊಂಬತ್ತೈದು ಎಂದು ಹೇಳಿ ಎಂಬತ್ತೆಂಟಕ್ಕೆ ಇಳಿಯುವ ಚಾಳಿ ನನಗೆ ಇಷ್ಟವಿಲ್ಲ. ಇಳಿಯುವವನನ್ನು ಕಂಡರೆ ಇನ್ನೂ ಇಳಿಯುತ್ತಾನೆ ಎಂದೇ ಗಿರಾಕಿ ಲೆಕ್ಕ ಹಾಕುತ್ತಾರೆ.

ಇನ್ನು ಮೊದಲ ಗೆಳೆಯನ ಮಾತು. ಪ್ರೊ ಮತ್ತು ಪ್ರೀಮಿಯಂ ಯಂತ್ರಗಳನ್ನು ಕಂಪನಿ ಬೇಡಿಕೆ ನೋಡಿಕೊಂಡು ಮತ್ತೆ ಮತ್ತೆ ತಯಾರಿಸುತ್ತದೆ. ಅಂಗಡಿಯಲ್ಲಿ ಮುಗಿದಿದೆ ಎಂದರೆ ಈ ಸರತಿಯದು ಮುಗಿದಿದೆ ಎಂದಷ್ಟೇ ಅರ್ಥ. ಮುಂದಿನ ಸರತಿ ಯಾವಾಗ ಎಂದು ವ್ಯಾಪಾರಿಯನ್ನು ಕೇಳಿ. ಬಹಳ ತಿಂಗಳು ಕಾಯಬೇಕಾಗಿದ್ದರೆ, ಕಾಯುವುದನ್ನು ತಪ್ಪಿಸಿದ್ದಕ್ಕೆ ನಾಲ್ಕೈದು ಅಂಕ ಏರಿಸುವುದು ಅನ್ಯಾಯವಲ್ಲ. ಹೊಸ ಸರತಿಯ ಯಂತ್ರಗಳು ಹಡಗು ಹತ್ತಿದ ಸುದ್ದಿ ನಿಮಗೆ ತಿಳಿದಿದ್ದೂ ಬಾಯಿಮುಚ್ಚಿಕೊಂಡು ಏರಿಸಿದರೆ ಅದು ಅನ್ಯಾಯ. ಮಾರಾಟವಾದ ಬೆಲೆಗಳನ್ನು ಹುಡುಕಿ, ಜಾಹೀರಾತಿನ ಬೆಲೆಗಳನ್ನಲ್ಲ. ತಿಂಗಳುಗಟ್ಟಲೆ ಯಾರೂ ಮುಟ್ಟದ ಜಾಹೀರಾತು ನಿಮ್ಮ ಗೆಳೆಯನಂಥ ಇನ್ನೊಬ್ಬರ ಆಸೆ ಇದ್ದೀತು.

ಬೆಲೆ ಹೇಳುವ ಮುನ್ನ ಒಂದು ಸಂಜೆ ಇದಕ್ಕಾಗಿ ಬಿಡುವು ಮಾಡಿಕೊಳ್ಳಿ. ಗಾಜನ್ನು ಹೊರತೆಗೆದು, ಕೋಣೆಯ ದೀಪ ಆರಿಸಿ, ಟಾರ್ಚನ್ನು ಆಟದ ಹಲಗೆಗೆ ಹೆಚ್ಚುಕಡಿಮೆ ಸಮವಾಗಿ ಅಡ್ಡ ಹಿಡಿಯಿರಿ. ಮೊದಲ ಮಳೆಯ ಹನಿ ಬಿದ್ದ ಅಂಗಳದಂತೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಗಾಬರಿ ಬೇಡ. 27 ಮಿಲಿಮೀಟರ್ ದಪ್ಪ, 80 ಗ್ರಾಂ ತೂಕದ ಉಕ್ಕಿನ ಚೆಂಡು ರ‍್ಯಾಂಪಿನಿಂದ ಮರದ ಹಲಗೆಗೆ ಹಾರಿ ಬಿದ್ದರೆ ಗುಳಿ ಬೀಳದೆ ಇನ್ನೇನು? ಹೊಸ ಯಂತ್ರಗಳಲ್ಲಿ ಅವು ಎದ್ದು ಕಾಣುತ್ತವೆ, ಆಡುತ್ತ ಆಡುತ್ತ ಹಲಗೆಯೆಲ್ಲ ಒಂದೇ ಸಮನಾಗಿ ಮಾಸುತ್ತದೆ. ಇದಕ್ಕೆ ಬೆಲೆ ಇಳಿಸಿ ಎನ್ನುವ ಗಿರಾಕಿಗೆ ಹೊಸ ಯಂತ್ರದಲ್ಲೂ ಒಂದು ವಾರಕ್ಕೆ ಇದೇ ಕಾಣುತ್ತದೆ ಎಂದು ಹೇಳಿ.

ನೀವು ನಿಜಕ್ಕೂ ಹುಡುಕಬೇಕಾದದ್ದು ಬೇರೆ ಕಡೆ. ರಬ್ಬರ್ ಸುತ್ತಿದ ಕಂಬಗಳ ಬುಡ ನೋಡಿ: ಹಲಗೆಯ ಮೇಲಿನ ಪಾರದರ್ಶಕ ಲೇಪ ಅಲ್ಲಿ ಸುಕ್ಕುಗಟ್ಟಿ ಎದ್ದಿದೆಯೇ, ಉಗುರಿನಷ್ಟು ಚಕ್ಕೆ ಹಾರಿದೆಯೇ? ಚೆಂಡು ಬೀಳುವ ಗುಂಡಿಗಳ ಅಂಚಿನಲ್ಲಿ ಬಣ್ಣ ಕಿತ್ತು ಬರಿ ಮರ ಕಾಣುತ್ತಿದೆಯೇ? ಚೆಂಡನ್ನು ಆಟಕ್ಕೆ ತಳ್ಳುವ ಪ್ಲಂಜರ್ ಮುಂದೆ ಚೆಂಡು ಬಂದು ನಿಲ್ಲುವ ಜಾಗ ಕಪ್ಪಾಗಿ ತಗ್ಗಾಗಿದೆಯೇ? ಕ್ಯಾಬಿನೆಟ್ಟಿಗೆ ಕಾಲು ಜೋಡಿಸಿದ ಮೂಲೆಗಳಲ್ಲಿ ಚಿತ್ರದ ಹಾಳೆ ಹರಿದಿದೆಯೇ? ಇವುಗಳಲ್ಲಿ ಯಾವುದಿದ್ದರೂ ಹತ್ತಿರದಿಂದ ಫೋಟೊ ತೆಗೆದು ಜಾಹೀರಾತಿನಲ್ಲೇ ಹಾಕಿ, ನಾಲ್ಕರಿಂದ ಎಂಟಂಕ ಇಳಿಸಿ. ಮುಚ್ಚಿಟ್ಟು ಕರೆಸಿಕೊಂಡರೆ, ದೂರದಿಂದ ವ್ಯಾನು ಮಾಡಿಕೊಂಡು ಬಂದವರು ಅದಕ್ಕಿಂತ ಹೆಚ್ಚೇ ಇಳಿಸುತ್ತಾರೆ, ಬೈದುಕೊಂಡು ಇಳಿಸುತ್ತಾರೆ.

ಯಂತ್ರದ ಸಾಫ್ಟ್‌ವೇರನ್ನು ಈಗಿನ ಆವೃತ್ತಿಗೆ ಏರಿಸಿಡಿ. ಹೊಸ ಯಂತ್ರಗಳು ಬಹಳ ಸಲ ಅರೆಬೆಂದ ನಿಯಮಗಳೊಂದಿಗೇ ಮಾರುಕಟ್ಟೆಗೆ ಬರುತ್ತವೆ, ಆಮೇಲೆ ತಿಂಗಳುಗಟ್ಟಲೆ ಪರಿಷ್ಕರಣೆ ನಡೆಯುತ್ತದೆ. ಆಟ ಸುಧಾರಿಸಿದ್ದರೆ ಆ ಮಾದರಿಗೇ ಬೇಡಿಕೆ ಹೆಚ್ಚಿರುತ್ತದೆ, ಅದು ಮಾರಾಟವಾದ ಬೆಲೆಗಳಲ್ಲಿ ತಾನಾಗಿ ಕಾಣುತ್ತದೆ. ನೀವು ಬೇರೆಯಾಗಿ ಸೇರಿಸಬೇಕಾಗಿಲ್ಲ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಮೂರನೇ ಮಹಡಿ ಎಂಬ ಒಂದೇ ಕಾರಣಕ್ಕೆ ಮಾರುತ್ತಿದ್ದರೆ ಇನ್ನೊಮ್ಮೆ ಯೋಚಿಸಿ. ನಾಲ್ಕು ಕಾಲು ಬಿಚ್ಚಿ, ತಲೆಯನ್ನು ಮುಂದಕ್ಕೆ ಮಡಚಿ ಮಲಗಿಸಿದರೆ ಯಂತ್ರ ಒಂದು ಉದ್ದನೆಯ ಪೆಟ್ಟಿಗೆಯಷ್ಟೇ. ತೂಕ ಸುಮಾರು 110ರಿಂದ 135 ಕಿಲೋ. ಮೆಟ್ಟಿಲು ಹತ್ತುವ ಕೈಗಾಡಿ, ಕೆಲಸ ಬಲ್ಲ ಇಬ್ಬರು ಗಟ್ಟಿಗರು ಇದ್ದರೆ ಏರುತ್ತದೆ. ಮೆಟ್ಟಿಲಿನ ತಿರುವು ಎಷ್ಟು ಅಗಲ ಎಂಬುದನ್ನು ಮಾತ್ರ ಮೊದಲೇ ಅಳೆಯಿರಿ. ಆ ಕೂಲಿಯನ್ನೂ, ಮಾರಿದರೆ ನಿಮಗಾಗುವ ಹನ್ನೆರಡು ಅಂಕದ ನಷ್ಟವನ್ನೂ ಅಕ್ಕಪಕ್ಕ ಬರೆದು ನೋಡಿ. ಮಗಳನ್ನೂ ಒಂದು ಮಾತು ಕೇಳಿ.

ಪ್ರಶ್ನೆ: ನನ್ನ ಬಳಿ ಪೆಟ್ಟಿಗೆಯನ್ನೇ ಬಿಚ್ಚದ ಒಂದು ಲಿಮಿಟೆಡ್ ಎಡಿಷನ್ ಇದೆ. ಸಂಖ್ಯೆಯ ಫಲಕವಿರುವ ಯಂತ್ರ. ಹಾಗೇ ಇಟ್ಟರೆ ವರ್ಷ ಕಳೆದಂತೆ ಬೆಲೆ ಏರುತ್ತದೆ ಎಂದು ಕೊಂಡದ್ದು. ಈಗ ಪಟ್ಟಿ ಬೆಲೆಯ ಒಂದೂವರೆ ಪಟ್ಟು ಕೇಳಿದರೆ ಹೆಚ್ಚಾಯಿತೇ?

ಉತ್ತರ: ಹೆಚ್ಚಾಯಿತು. ಯಾರಾದರೂ ಕೊಟ್ಟರೆ ತೆಗೆದುಕೊಳ್ಳಿ, ಆದರೆ ನ್ಯಾಯದ ಬೆಲೆ ಎಂದು ನನ್ನ ಬಾಯಲ್ಲಿ ಹೇಳಿಸಬೇಡಿ.

ಕಡಿಮೆ ತಯಾರಾದರೆ ಹೆಚ್ಚು ಬೆಲೆ ಎಂಬ ನಂಬಿಕೆಯನ್ನು ಪಿನ್‌ಬಾಲ್ ಇತಿಹಾಸವೇ ಸುಳ್ಳು ಮಾಡಿದೆ. 1992ರಲ್ಲಿ ಬಂದ ‘ದಿ ಆ್ಯಡಮ್ಸ್ ಫ್ಯಾಮಿಲಿ’ ಯಂತ್ರಗಳು 20,270 ತಯಾರಾದವು. ಅಷ್ಟೊಂದು ಸಂಖ್ಯೆಯಲ್ಲಿದ್ದರೂ ಇವತ್ತಿಗೂ ಅದಕ್ಕೆ ಒಳ್ಳೆಯ ಬೆಲೆಯಿದೆ, ಏಕೆಂದರೆ ಜನ ಅದನ್ನು ಆಡಲು ಬಯಸುತ್ತಾರೆ. 1997ರ ‘ಮೀಡೀವಲ್ ಮ್ಯಾಡ್ನೆಸ್’ ತಯಾರಾದದ್ದು 4,016 ಮಾತ್ರ, ಆಟವೂ ಅದ್ಭುತ. ಅದರ ಬೆಲೆ ಗಗನಕ್ಕೇರಿತ್ತು. ಮರುನಿರ್ಮಾಣದ ಘೋಷಣೆ ಬಂದು, 2015ರಲ್ಲಿ ಹೊಸ ಯಂತ್ರಗಳು ಹೊರಬಿದ್ದಾಗ ಮೂಲ ಯಂತ್ರಗಳ ಬೆಲೆ ಕೆಳಗಿಳಿಯಿತು. ಆಡಬೇಕೆಂದಿದ್ದವರಿಗೆ ಬೇರೆ ದಾರಿ ಸಿಕ್ಕಿತ್ತು.

ನಿಮ್ಮ ಲಿಮಿಟೆಡ್ ವಿಷಯದಲ್ಲಿ ಆ ದಾರಿ ಮೊದಲ ದಿನದಿಂದಲೇ ತೆರೆದಿದೆ. ಅದೇ ಆಟದ ಪ್ರೀಮಿಯಂ ಇದೆಯಲ್ಲ! ಸ್ಟರ್ನ್ ಯಂತ್ರಗಳಲ್ಲಿ ಪ್ರೀಮಿಯಂಗೂ ಲಿಮಿಟೆಡ್‌ಗೂ ಆಟದ ಒಳಗಿನ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಚಿತ್ರ, ಬಣ್ಣ, ಫಲಕ, ಸಹಿ, ಒಂದಷ್ಟು ಸೇರ್ಪಡೆ ಇವೇ ಹೆಚ್ಚುವರಿ. ಅಲಂಕಾರಕ್ಕೆ ಎಷ್ಟು ಕೊಡಬಹುದು ಎಂಬುದಕ್ಕೆ ಪ್ರತಿಯೊಬ್ಬ ಗಿರಾಕಿಗೂ ಒಂದು ಮಿತಿ ಇರುತ್ತದೆ.

ಹಿಂದಿನ ಯಂತ್ರಗಳು ದುಬಾರಿಯಾದುದಕ್ಕೆ ಆ ಕಾಲದ್ದೇ ಒಂದು ಕಾರಣವಿತ್ತು. 1999ರಲ್ಲಿ ಆ ಕಾಲದ ದೊಡ್ಡ ತಯಾರಕ ಕಂಪನಿ ವಿಲಿಯಮ್ಸ್ ತನ್ನ ಪಿನ್‌ಬಾಲ್ ವಿಭಾಗವನ್ನು ಮುಚ್ಚಿದ ಮೇಲೆ ಬಹಳ ವರ್ಷ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದದ್ದು ಸ್ಟರ್ನ್ ಒಂದೇ. 2011ರಲ್ಲಿ ಜರ್ಸಿ ಜಾಕ್ ಎಂಬ ಹೊಸ ಕಂಪನಿ ಶುರುವಾಯಿತು, ಆಮೇಲೆ ಇನ್ನೂ ಕೆಲವರು ಬಂದರು. ಈಗ ವರ್ಷಕ್ಕೆ ಹಲವು ಹೊಸ ಯಂತ್ರಗಳು ಬರುತ್ತವೆ. ಸಂಗ್ರಾಹಕರ ದುಡ್ಡು ಅಷ್ಟೇ, ಮನೆಯ ಜಾಗವೂ ಅಷ್ಟೇ. ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕುಳಿತಿದ್ದಾಗ ಬೆಲೆಗಳು ಕುಣಿದವು, ಆಮೇಲೆ ತಣ್ಣಗಾದವು. ಆ ಕುಣಿತದ ಅಂಕಿಗಳನ್ನು ಯಾರಾದರೂ ಇನ್ನೂ ತೋರಿಸಿದರೆ ತಲೆಯಾಡಿಸಿ ಸುಮ್ಮನಾಗಿ.

ಪೆಟ್ಟಿಗೆ ಬಿಚ್ಚಿಲ್ಲ ಎಂಬುದು ಎರಡಲುಗಿನ ಕತ್ತಿ. ಯಾರೂ ಮುಟ್ಟಿಲ್ಲ ಎಂಬ ಹಿತವಿದೆ, ಒಳಗೆ ಏನಾಗಿದೆಯೋ ಯಾರಿಗೂ ಗೊತ್ತಿಲ್ಲ ಎಂಬ ಭಯವೂ ಇದೆ. ಬಿಚ್ಚಿದ ದಿನ ಒಂದು ಬೋರ್ಡ್ ಸತ್ತಿದ್ದರೆ ವಾರಂಟಿಯ ಅವಧಿ ಅಷ್ಟರಲ್ಲಿ ಮುಗಿದಿರಬಹುದು. ಅದೇ ಲಿಮಿಟೆಡ್ ಹೊಸದಾಗಿ ಇನ್ನೂ ಸಿಗುತ್ತಿದ್ದರೆ ಅದರ ಇಂದಿನ ಬೆಲೆಗಿಂತ ನಾಲ್ಕೈದು ಪ್ರತಿಶತ ಕೆಳಗೆ ಕೇಳಿ. ಎಲ್ಲಿಯೂ ಸಿಗುತ್ತಿಲ್ಲ, ಜನ ಹುಡುಕಿಕೊಂಡು ಬರುತ್ತಿದ್ದಾರೆ ಎಂದಾದರೆ ಮಾತ್ರ ಪಟ್ಟಿ ಬೆಲೆ ದಾಟಿ, ಅದೂ ಇತ್ತೀಚೆಗೆ ಮಾರಾಟವಾದ ಬೆಲೆಯಷ್ಟಕ್ಕೇ.

ಪ್ರಶ್ನೆ: ನಾನು ಕೊಳ್ಳುವ ಕಡೆಯವಳು. ‘ಮನೆಯಲ್ಲಿ ಮಾತ್ರ ಆಡಿದ್ದು, ಇನ್ನೂರು ಆಟವೂ ಆಗಿಲ್ಲ, ಹೊಸದರಂತೆಯೇ’ ಎನ್ನುತ್ತಾರೆ ಮಾರುವವರು. ಹೊಸ ಬೆಲೆಯ ಹತ್ತಿರಹತ್ತಿರ ಕೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ಯಂತ್ರವನ್ನು ಕೇಳಿ ನೋಡಿ ಅಮ್ಮಾ, ಅದು ಸುಳ್ಳು ಹೇಳುವುದು ಕಡಿಮೆ. ನಾಣ್ಯ ಹಾಕುವ ಬಾಗಿಲನ್ನು ತೆರೆದರೆ ಒಳಗೆ ಸಣ್ಣ ಗುಂಡಿಗಳಿರುತ್ತವೆ, ಅವುಗಳಿಂದ ಮೆನುವಿಗೆ ಹೋಗಿ ಒಟ್ಟು ಆಟಗಳ ಲೆಕ್ಕ ನೋಡಬಹುದು. ಆ ಲೆಕ್ಕವನ್ನು ಸೊನ್ನೆ ಮಾಡಲೂ ಬರುತ್ತದೆ, ಆದ್ದರಿಂದ ಅಂಕಿಯನ್ನೊಂದೇ ನೆಚ್ಚಬೇಡಿ. ಅಂಕಿ ಹೇಳುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆಯಾಗಬೇಕು.

ಹಲಗೆಯನ್ನು ಎತ್ತಿ ನಿಲ್ಲಿಸಲು ಹೇಳಿ. ಚೆಂಡನ್ನು ಹೊಡೆಯುವ ಕೈಗಳಾದ ಫ್ಲಿಪ್ಪರ್‌ಗಳ ಕೆಳಗಿನ ಕಾಯಿಲ್‌ಗಳ, ಅಂದರೆ ತಂತಿ ಸುರುಳಿಗಳ, ಸುತ್ತ ಕಪ್ಪು ಪುಡಿ ದಟ್ಟವಾಗಿ ಕೂತಿದ್ದರೆ ಅದು ಇನ್ನೂರು ಆಟದ ಪುಡಿಯಲ್ಲ. ಫ್ಲಿಪ್ಪರ್ ರಬ್ಬರ್ ಹೊಳೆಯುತ್ತಿದ್ದು ಉಳಿದ ರಬ್ಬರ್‌ಗಳೆಲ್ಲ ಮಂಕಾಗಿದ್ದರೆ, ನಿಮಗಾಗಿ ನಿನ್ನೆ ಬದಲಿಸಿದ್ದಾರೆ ಎಂದು ತಿಳಿಯಿರಿ. ನಾಣ್ಯ ಬೀಳುವ ದಾರಿಯಲ್ಲಿ ಗೀರುಗಳಿವೆಯೇ? ಬಾಗಿಲಿನ ಬೀಗ ಬದಲಾಗಿದೆಯೇ, ಮೇಲೆ ಇನ್ನೊಂದು ಬೀಗ ಹಾಕಲು ಕೊರೆದ ತೂತುಗಳಿವೆಯೇ? ಹಾಗಿದ್ದರೆ ಅದು ಯಾವುದೋ ಹೋಟೆಲಿನಲ್ಲೋ ಆಟದ ಮಳಿಗೆಯಲ್ಲೋ ದುಡಿದು ಬಂದದ್ದು. ದುಡಿದದ್ದು ತಪ್ಪಲ್ಲ, ಚೆನ್ನಾಗಿ ನೋಡಿಕೊಂಡ ಮಳಿಗೆಯ ಯಂತ್ರ ಕೆಟ್ಟದಾಗಿ ನೋಡಿಕೊಂಡ ಮನೆಯ ಯಂತ್ರಕ್ಕಿಂತ ಮೇಲು. ಆದರೆ ಅದಕ್ಕೆ ಮನೆಯ ಯಂತ್ರದ ಬೆಲೆ ಕೊಡಬಾರದು. ಮೊದಲ ಖರೀದಿಯ ಬಿಲ್ಲು ಕೇಳಿ, ಕ್ಯಾಬಿನೆಟ್ಟಿನ ಕ್ರಮಸಂಖ್ಯೆಯೊಂದಿಗೆ ಹೋಲಿಸಿ. ಗಾಜು ಹಾಕಿದ ಮೇಲೆ ನಾಲ್ಕು ಆಟ ಆಡದೆ ದುಡ್ಡು ತೆಗೆಯಬೇಡಿ.

ಇಷ್ಟೆಲ್ಲ ಸರಿಯಿದ್ದರೂ ಹೊಸದರ ಹತ್ತಿರಹತ್ತಿರದ ಬೆಲೆ ಕೊಡಬಾರದು. ನಾಲ್ಕೈದು ಪ್ರತಿಶತ ಉಳಿಸಲು ವಾರಂಟಿ ಬಿಟ್ಟುಕೊಡುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಮೊದಲ ಪ್ರಶ್ನೆಯ ಉತ್ತರವನ್ನು ಅವರಿಗೆ ಓದಿ ಹೇಳಿ.

ಪ್ರಶ್ನೆ: ಕೊಳ್ಳುತ್ತಿರುವವನು ನನ್ನ ಬಹುಕಾಲದ ಗೆಳೆಯ. ಅವನಿಗೆಷ್ಟು ಇಳಿಸಬೇಕು?

ಉತ್ತರ: ಹೊರಗಿನವರಿಗೆ ಹೇಳುವ ನ್ಯಾಯದ ಬೆಲೆಯನ್ನೇ ಮೊದಲು ಹೇಳಿ, ಆಮೇಲೆ ಅದರ ಮುಂದೆ ಇಷ್ಟು ನನ್ನ ಕಡೆಯಿಂದ ಎಂದು ಬೇರೆಯಾಗಿ ಕಳೆಯಿರಿ. ಎರಡನ್ನೂ ಬೆರೆಸಿ ಒಂದೇ ಅಂಕಿ ಹೇಳಿದರೆ, ನೀವು ಬಿಟ್ಟದ್ದು ಅವನಿಗೆ ಕಾಣುವುದೇ ಇಲ್ಲ. ಮುಂದೆ ಕಾಯಿಲ್ ಸುಟ್ಟಾಗ ರಾತ್ರಿ ಹತ್ತಕ್ಕೆ ನಿಮಗೇ ಫೋನು ಬರುತ್ತದೆ, ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಮಾರುವ ಮುನ್ನ ಯಂತ್ರಕ್ಕೆ ಏನೇನು ಮಾಡಿಸಬೇಕು?

ಉತ್ತರ: ಮೆತ್ತನೆಯ ಬಟ್ಟೆಯಲ್ಲಿ ಹಲಗೆ ಒರೆಸಿ, ಚೆಂಡುಗಳನ್ನು ಬದಲಿಸಿ, ಇವು ಅಗ್ಗ. ಹಾರಿದ ಚಕ್ಕೆಗೆ ಬಣ್ಣ ಹಚ್ಚುವ ಕೆಲಸಕ್ಕೆ ಕೈ ಹಾಕಬೇಡಿ, ಮುಚ್ಚುವ ಪ್ರಯತ್ನ ಚಕ್ಕೆಗಿಂತ ಕೆಟ್ಟದಾಗಿ ಕಾಣುತ್ತದೆ. ಕೈಪಿಡಿ, ಬೀಗದ ಕೈ, ಮಿಕ್ಕ ಸ್ಕ್ರೂಗಳ ಪೊಟ್ಟಣ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಡಿ. ಯಂತ್ರವನ್ನು ವ್ಯಾನಿಗೆ ಏರಿಸುವ ಮೊದಲು ಚೆಂಡುಗಳನ್ನು ಹೊರತೆಗೆದು ಅದೇ ಡಬ್ಬಿಗೆ ಹಾಕಿ ಗಿರಾಕಿಯ ಕೈಗೆ ಕೊಡಿ. ಒಳಗೇ ಬಿಟ್ಟರೆ ದಾರಿಯುದ್ದಕ್ಕೂ ಹಲಗೆಯ ಮೇಲೆ ಉರುಳಾಡಿ ಪ್ಲಾಸ್ಟಿಕ್ಕನ್ನೆಲ್ಲ ಒಡೆದು ಹಾಕುತ್ತವೆ, ಮತ್ತು ಆ ಫೋನೂ ನಿಮಗೇ ಬರುತ್ತದೆ.